ಜಪಾನಿನಲ್ಲಿ ಹೊರಗಿನ ಗೇಮ್ ಕನ್ಸೋಲ್ ಮಾರುವುದು: ಎಲ್ಲಿ ಎಡವುತ್ತಾರೆ, ಯಾವ ಕ್ರಮದಲ್ಲಿ ಕೆಲಸ ಹಿಡಿಯಬೇಕು

ಜಪಾನೀಯರು ತಮ್ಮ ದೇಶದ ಸರಕನ್ನಷ್ಟೇ ಕೊಳ್ಳುತ್ತಾರೆ ಎಂಬ ವಿವರಣೆಯನ್ನು ಮೊದಲು ಬದಿಗಿಡಿ. ಅಲ್ಲಿ ಅತಿ ಹೆಚ್ಚು ಜನರ ಕೈಯಲ್ಲಿರುವುದು ಐಫೋನ್. ಸ್ವೀಡನ್ನಿನಲ್ಲಿ ಹುಟ್ಟಿ 2014ರಲ್ಲಿ ಮೈಕ್ರೋಸಾಫ್ಟ್ ಪಾಲಾದ ಮೈನ್‌ಕ್ರಾಫ್ಟ್ ಅಲ್ಲಿನ ಮಕ್ಕಳಿಗೆ ಅಚ್ಚುಮೆಚ್ಚು. ಆದರೆ ಅವರು ಅದನ್ನು ಆಡುವುದು ಜಪಾನಿನದೇ ಆದ ನಿಂಟೆಂಡೊ ಸ್ವಿಚ್‌ನಲ್ಲಿ. ಮೈಕ್ರೋಸಾಫ್ಟ್‌ನ ಆಟ ಮನೆಯೊಳಗೆ ಬಂದಿದೆ, ಅದರ ಯಂತ್ರ ಎಕ್ಸ್‌ಬಾಕ್ಸ್ ಮಾತ್ರ ಹೊರಗೇ ಉಳಿದಿದೆ. ಮೊದಲ ಎಕ್ಸ್‌ಬಾಕ್ಸ್ ಜಪಾನಿನಲ್ಲಿ ಮಾರಾಟವಾದದ್ದು ಸುಮಾರು 5 ಲಕ್ಷ, ಎಕ್ಸ್‌ಬಾಕ್ಸ್ 360 ಸುಮಾರು 16 ಲಕ್ಷ, ಎಕ್ಸ್‌ಬಾಕ್ಸ್ ಒನ್ 1 ಲಕ್ಷದ ಆಸುಪಾಸು. ಇದೇ 360 ಲೋಕದಾದ್ಯಂತ 8 ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಹಾಗಾಗಿ ದೋಷವನ್ನು ದೇಶಾಭಿಮಾನದಲ್ಲಿ ಹುಡುಕಬೇಡಿ, ಕೆಲಸದ ಕ್ರಮದಲ್ಲಿ ಹುಡುಕಿ. ಹೊರಗಿನ ಕಂಪನಿಗಳು ಸಾಮಾನ್ಯವಾಗಿ ಯಂತ್ರದಿಂದ ಆರಂಭಿಸಿ ಆಟಗಳಿಗೆ ಬರುತ್ತವೆ. ಜಪಾನಿನಲ್ಲಿ ಆಟಗಳಿಂದ ಆರಂಭಿಸಿ ಯಂತ್ರಕ್ಕೆ ಬರಬೇಕು.

ಮೊದಲು ಸರಣಿ, ಆಮೇಲೆ ಯಂತ್ರ

ಜಪಾನಿನ ಗ್ರಾಹಕ ಕನ್ಸೋಲ್ ಕೊಳ್ಳುವಾಗ ಮುಂದಿನ ನಾಲ್ಕೈದು ವರ್ಷ ತಾನು ಆಡಬೇಕೆಂದಿರುವ ಸರಣಿ ಯಾವ ಯಂತ್ರದಲ್ಲಿ ಬರುತ್ತದೆ ಎಂದು ಲೆಕ್ಕ ಹಾಕುತ್ತಾನೆ. 1997ರ ಜನವರಿಯಲ್ಲಿ ಫೈನಲ್ ಫ್ಯಾಂಟಸಿ 7 ಸೋನಿಯ ಪ್ಲೇಸ್ಟೇಷನ್‌ಗೆ ಬಂದಾಗ ಆ ತಲೆಮಾರಿನ ಪೈಪೋಟಿ ಸೋನಿಯ ಕಡೆಗೆ ವಾಲಿತು. 2009ರಲ್ಲಿ ಡ್ರ್ಯಾಗನ್ ಕ್ವೆಸ್ಟ್ 9 ಟಿವಿಯನ್ನೇ ಬಿಟ್ಟು ಕೈಯಲ್ಲಿ ಹಿಡಿಯುವ ನಿಂಟೆಂಡೊ ಡಿಎಸ್‌ಗೆ ಹೋಯಿತು. ಯಂತ್ರಗಳ ತಾಂತ್ರಿಕ ಶಕ್ತಿ ಈ ತೀರ್ಮಾನಗಳಲ್ಲಿ ಅಷ್ಟೇನೂ ತೂಗಲಿಲ್ಲ.

ಮೈಕ್ರೋಸಾಫ್ಟ್‌ಗೆ ಇದು ಅರ್ಥವಾಗಿರಲಿಲ್ಲ ಎನ್ನುವಂತಿಲ್ಲ. ಫೈನಲ್ ಫ್ಯಾಂಟಸಿಯ ಜನಕ ಹಿರೊನೊಬು ಸಕಗುಚಿ ಅವರಿಂದಲೇ 360ಕ್ಕಾಗಿ ಬ್ಲೂ ಡ್ರ್ಯಾಗನ್ (2006), ಲಾಸ್ಟ್ ಒಡಿಸ್ಸಿ (2007) ಮಾಡಿಸಿತು. 2008ರ ಆಗಸ್ಟ್‌ನಲ್ಲಿ ಟೇಲ್ಸ್ ಆಫ್ ವೆಸ್ಪೀರಿಯಾ ಬಂದಾಗ ಜಪಾನಿನ ಅಂಗಡಿಗಳಲ್ಲಿ 360 ಯಂತ್ರಗಳೇ ಖಾಲಿಯಾದವು. ಆದರೆ 2009ರ ಸೆಪ್ಟೆಂಬರ್‌ನಲ್ಲಿ ಅದೇ ಆಟ ಹೊಸ ಪಾತ್ರ, ಹೆಚ್ಚಿನ ಧ್ವನಿ ಸಂಭಾಷಣೆಗಳೊಂದಿಗೆ ಪ್ಲೇಸ್ಟೇಷನ್ 3ಕ್ಕೆ ಬಂತು. ಎಟರ್ನಲ್ ಸೊನಾಟಾ, ಸ್ಟಾರ್ ಓಷನ್ 4 ಕೂಡ ಇದೇ ದಾರಿ ಹಿಡಿದವು. ಒಂದು ಆಟಕ್ಕಾಗಿಯೇ ಯಂತ್ರ ಕೊಂಡವನಿಗೆ ಮರುವರ್ಷ ಪಕ್ಕದ ಯಂತ್ರದಲ್ಲಿ ಅದರ ಪೂರ್ಣ ರೂಪ ಕಂಡರೆ, ಮುಂದಿನ ಸಲ ಅವನು ಕಾದು ನೋಡುತ್ತಾನೆ. ನನ್ನ ಅಭಿಪ್ರಾಯದಲ್ಲಿ ಜಪಾನಿನಲ್ಲಿ ಎಕ್ಸ್‌ಬಾಕ್ಸ್‌ಗೆ ಬಿದ್ದ ಅತಿ ದೊಡ್ಡ ಹೊಡೆತ ಇದೇ. ಯಂತ್ರದ ಗಾತ್ರದ ಬಗ್ಗೆ ಬರೆದಷ್ಟನ್ನು ಜನ ಇದರ ಬಗ್ಗೆ ಬರೆಯುವುದಿಲ್ಲ.

ಆದ್ದರಿಂದ ಆಟದ ಸ್ಟುಡಿಯೊ ಜೊತೆ ಒಪ್ಪಂದ ಬರೆಯುವಾಗ ಎರಡು ಷರತ್ತು ಬಿಡಬೇಡಿ. ಮೊದಲನೆಯದು, ಆಟ ಮುಂದೆ ಬೇರೆ ಯಂತ್ರಕ್ಕೆ ಹೋದರೆ ಅಲ್ಲಿ ಸೇರಿಸುವ ಪಾತ್ರ, ಧ್ವನಿ, ಅಧ್ಯಾಯಗಳೆಲ್ಲ ಅದೇ ದಿನ ಮೊದಲ ಗ್ರಾಹಕರಿಗೂ ಉಚಿತ ಅಪ್‌ಡೇಟ್ ಆಗಿ ಸಿಗಬೇಕು. ಎರಡನೆಯದು, ಒಂಟಿ ಆಟಕ್ಕೆ ಹಣ ಸುರಿಯದೆ ಅದರ ಮುಂದಿನ ಭಾಗಕ್ಕೂ ಈಗಲೇ ಮಾತು ಪಡೆಯಬೇಕು. ಮೂರು ಸರಣಿಗಳಿಂದ ತಲಾ ಒಂದು ಆಟ ತರಿಸುವುದಕ್ಕಿಂತ ಒಂದೇ ಸರಣಿಯಿಂದ ಮೂರು ಆಟ ತರಿಸುವುದು ಅಲ್ಲಿ ಹೆಚ್ಚು ವಿಶ್ವಾಸ ಹುಟ್ಟಿಸುತ್ತದೆ.

ಬಿಡುಗಡೆಯ ದಿನ ಮತ್ತು ಬೆಲೆ

ಎಕ್ಸ್‌ಬಾಕ್ಸ್ ಒನ್ 2013ರ ನವೆಂಬರ್ 22ರಂದು 13 ದೇಶಗಳಲ್ಲಿ ಬಿಡುಗಡೆಯಾಯಿತು. ಜಪಾನಿಗೆ ಬಂದದ್ದು 2014ರ ಸೆಪ್ಟೆಂಬರ್ 4ರಂದು. ಅಷ್ಟರೊಳಗೆ ಆಟದ ಪತ್ರಿಕೆಗಳು, ಅಂಗಡಿಗಳ ಕಪಾಟು, ಸ್ಥಳೀಯ ಸ್ಟುಡಿಯೊಗಳ ಯೋಜನೆ ಎಲ್ಲವೂ ಪ್ಲೇಸ್ಟೇಷನ್ 4ರ ಸುತ್ತ ಕೂತುಬಿಟ್ಟಿದ್ದವು. ತಡವಾಗಿ ಬಂದ ಯಂತ್ರವನ್ನು ಗ್ರಾಹಕ 'ನಮ್ಮನ್ನು ಕೊನೆಗೆ ನೆನೆಸಿಕೊಂಡರು' ಎಂದೇ ಓದುತ್ತಾನೆ. 2020ರ ನವೆಂಬರ್ 10ರಂದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಲೋಕದ ಜೊತೆಗೇ ಜಪಾನಿಗೂ ಬಂದವು. ಅಷ್ಟು ತಿದ್ದುಪಡಿಯಾಯಿತು.

ಬೆಲೆಯಲ್ಲಿ ಇಳಿಕೆಗಿಂತ ಸ್ಥಿರತೆ ಮುಖ್ಯ. ಮೊದಲ ಎಕ್ಸ್‌ಬಾಕ್ಸ್ 2002ರ ಫೆಬ್ರವರಿ 22ರಂದು 34,800 ಯೆನ್‌ಗೆ ಬಂತು. ಆಗ ನಿಂಟೆಂಡೊದ ಗೇಮ್‌ಕ್ಯೂಬ್ ಬಿಡುಗಡೆ ಬೆಲೆ 25,000 ಯೆನ್. ಮೂರೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ 24,800ಕ್ಕೆ ಇಳಿಯಿತು. ಮೊದಲ ದಿನ ಸಾಲಿನಲ್ಲಿ ನಿಂತು ಕೊಂಡವರು ಅತಿ ನಿಷ್ಠ ಗ್ರಾಹಕರು, 10,000 ಯೆನ್ ಕಳೆದುಕೊಂಡವರೂ ಅವರೇ. ಅದರ ಮೇಲೆ ಡಿಸ್ಕ್‌ಗಳ ಮೇಲೆ ಉಂಗುರದಂಥ ಗೀರು ಬೀಳುತ್ತಿದೆ ಎಂಬ ದೂರು ಬಂತು. ಆಟ ಓಡುತ್ತದೆಯಲ್ಲ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ: ಆಟ ಮುಗಿಸಿ ಗೇಯೊ, ಬುಕ್ ಆಫ್‌ನಂಥ ಹಳೆ ಸರಕಿನ ಅಂಗಡಿಗೆ ಮಾರುವುದು ಜಪಾನಿನಲ್ಲಿ ಸಾಮಾನ್ಯ ರೂಢಿ, ಗೀರು ಬಿದ್ದರೆ ಕೊಳ್ಳುವವರು ಬೆಲೆ ಕಡಿಯುತ್ತಾರೆ. ಇಂಥ ದೂರು ಬಂದ ದಿನವೇ, ಕಾರಣ ಗೊತ್ತಾಗುವ ಮೊದಲೇ, ಉಚಿತ ಬದಲಾವಣೆ ಘೋಷಿಸಿ. ಡಿಸ್ಕ್ ಇಲ್ಲದ ಅಗ್ಗದ ಮಾದರಿ ತರುವಾಗಲೂ ಈ ಮರುಮಾರಾಟದ ಲೆಕ್ಕ ನೆನಪಿರಲಿ. ಯಂತ್ರದಲ್ಲಿ ಉಳಿದ ಹಣ ಆಟಗಳಲ್ಲಿ ಹೋಗುತ್ತದೆ ಎಂದು ಮನೆಯವರು ಬೇಗ ಲೆಕ್ಕ ಹಾಕುತ್ತಾರೆ.

ಕೋಣೆ ಮತ್ತು ಕೈ

ಯಂತ್ರ ದೊಡ್ಡದಾದ್ದರಿಂದ ಸೋತಿತು ಎಂಬ ಮಾತು ಅರ್ಧ ಸತ್ಯ. ಮೊದಲ ಎಕ್ಸ್‌ಬಾಕ್ಸ್ ಸುಮಾರು 32 ಸೆಂ.ಮೀ. ಅಗಲ, 26 ಸೆಂ.ಮೀ. ಆಳವಿತ್ತು, ನಿಜ. ಆದರೆ 39 ಸೆಂ.ಮೀ. ಎತ್ತರದ ಪ್ಲೇಸ್ಟೇಷನ್ 5ರ ಮೊದಲ ಮಾದರಿ ಅದಕ್ಕೂ ದೊಡ್ಡದಿತ್ತು. ನೋಡಬೇಕಾದದ್ದು ಯಂತ್ರ ಬೇಡುವ ಜಾಗ. ಮೈಯ ಚಲನೆ ಗುರುತಿಸಿ ಆಟ ಆಡಿಸುವ ಎಕ್ಸ್‌ಬಾಕ್ಸ್‌ನ ಕಿನೆಕ್ಟ್ ಕ್ಯಾಮೆರಾದ ಮುಂದೆ ಒಬ್ಬರು ಆಡಲು ಸುಮಾರು 1.8 ಮೀಟರ್, ಇಬ್ಬರಿಗೆ 2.5 ಮೀಟರ್ ಖಾಲಿ ಜಾಗ ಬೇಕಿತ್ತು. ಆರು ತತಾಮಿ ಚಾಪೆಯ ಕೋಣೆ ಎಂದರೆ ಹೆಚ್ಚುಕಡಿಮೆ 2.7 ಮೀಟರ್‌ಗೆ 3.6 ಮೀಟರ್. ಹಾಸಿಗೆ, ಮೇಜು, ಟಿವಿ ಇಟ್ಟ ಮೇಲೆ ಉಳಿಯುವುದೆಷ್ಟು? ಯಾವ ಉಪಕರಣವನ್ನೇ ಆಗಲಿ ಇದೇ ಅಳತೆಯ ಕೋಣೆಯಲ್ಲಿ, ಪೀಠೋಪಕರಣ ಸಹಿತ ಇಟ್ಟು ಪರೀಕ್ಷಿಸಿ. ಫ್ಯಾನಿನ ಸದ್ದನ್ನು ರಾತ್ರಿ ಕೇಳಿ ನೋಡಿ, ತೆಳು ಗೋಡೆಯಾಚೆ ಇನ್ನೊಬ್ಬರು ಮಲಗಿರುತ್ತಾರೆ.

ಟಿವಿ ಒಂದೇ ಇರುವ ಮನೆಯಲ್ಲಿ ಟಿವಿಗೆ ಕಟ್ಟಿಹಾಕಿದ ಯಂತ್ರ ಅಪ್ಪ-ಅಮ್ಮನ ಕಾರ್ಯಕ್ರಮದೊಂದಿಗೆ ಪೈಪೋಟಿಗೆ ನಿಲ್ಲುತ್ತದೆ. ಸೋನಿಯ ಕೈಯಲ್ಲಿ ಹಿಡಿಯುವ ಯಂತ್ರ ಪಿಎಸ್‌ಪಿಯ ಮಾನ್‌ಸ್ಟರ್ ಹಂಟರ್ ಪೋರ್ಟಬಲ್ 3ನೇ ಆಟ 40 ಲಕ್ಷಕ್ಕೂ ಹೆಚ್ಚು ಮಾರಾಟವಾದದ್ದು ಗೆಳೆಯರು ಒಂದೆಡೆ ಸೇರಿ, ತಂತಮ್ಮ ಯಂತ್ರ ಹಿಡಿದು ಆಡಬಹುದಾದ್ದರಿಂದ. ಟಿವಿಗೂ ಜೋಡಿಸಿ, ಕೈಯಲ್ಲೂ ಹಿಡಿದು ಆಡಬಹುದಾದ ಸ್ವಿಚ್ ಈ ಎರಡು ಜಗತ್ತನ್ನೂ ಒಂದು ಮಾಡಿತು.

ಕೈಯ ವಿಷಯದಲ್ಲಿ ಒಪ್ಪಿಗೆಯ ಬಟನ್ ಮೊದಲು ನೋಡಿ. ಜಪಾನಿನ ಶಾಲೆಯಲ್ಲಿ ○ ಎಂದರೆ ಸರಿ, × ಎಂದರೆ ತಪ್ಪು. ಪ್ಲೇಸ್ಟೇಷನ್ 4ರವರೆಗೂ ಅಲ್ಲಿ ಬಲಬದಿಯ ○ ಒಪ್ಪಿಗೆಗೆ, ಕೆಳಗಿನ × ರದ್ದಿಗೆ. ನಿಂಟೆಂಡೊದಲ್ಲೂ ಒಪ್ಪಿಗೆ ಬಲಬದಿಗೇ. ಎಕ್ಸ್‌ಬಾಕ್ಸ್‌ನಲ್ಲಿ ಒಪ್ಪಿಗೆ ಕೆಳಗೆ. ಸ್ವಿಚ್‌ನಿಂದ ಬಂದವನ ಹೆಬ್ಬೆರಳು ಪ್ರತಿ ಮೆನುವಿನಲ್ಲೂ ರದ್ದು ಒತ್ತುತ್ತದೆ. ಬಟನ್ ಅದಲುಬದಲು ಮಾಡುವ ಆಯ್ಕೆಯನ್ನು ಯಂತ್ರ ಮೊದಲ ಸಲ ಆನ್ ಆದಾಗಲೇ ಕೇಳಿ. ಅದು ಸಿಸ್ಟಂ ಮೆನು, ಸ್ಟೋರ್, ಆಟ, ಪರದೆಯ ಮೇಲಿನ ಬಟನ್ ಚಿತ್ರ ಈ ನಾಲ್ಕಕ್ಕೂ ಒಟ್ಟಿಗೆ ಅನ್ವಯಿಸಬೇಕು. ಚಿತ್ರವನ್ನು ಬದಲಿಸಲು ಮರೆತರೆ ಮೊದಲಿಗಿಂತ ಹೆಚ್ಚು ಗೊಂದಲ.

ಅಕ್ಷರ, ಮಾತು, ಸೆರೊ

ಯೂನಿಕೋಡ್‌ನಲ್ಲಿ ಚೀನಿ ಅಕ್ಷರಗಳು ಮತ್ತು ಅವುಗಳಿಂದ ಬಂದ ಜಪಾನಿನ ಕಾಂಜಿ ಅಕ್ಷರಗಳು ಬಹಳಷ್ಟು ಕಡೆ ಒಂದೇ ಸಂಕೇತ ಹಂಚಿಕೊಳ್ಳುತ್ತವೆ. ಆದರೆ ಬರೆಯುವ ರೂಪ ಬೇರೆ. ಚೀನಿ ಫಾಂಟ್ ಹಾಕಿದರೆ ಪಠ್ಯ ಓದಲು ಬರುತ್ತದೆ, ಆದರೂ ಜಪಾನಿನ ಓದುಗ ಮೊದಲ ಪರದೆಯಲ್ಲೇ ಪರಕೀಯತೆ ಹಿಡಿಯುತ್ತಾನೆ. ಜಪಾನಿ ಫಾಂಟನ್ನೇ ಅಳವಡಿಸಿ, ಭಾಷಾ ಟ್ಯಾಗ್ ಸರಿಯಿದೆಯೇ ನೋಡಿ. ಸಾಲಿನ ಮೊದಲಲ್ಲಿ ಪೂರ್ಣವಿರಾಮ ಬಾರದಂತೆ ಸಾಲು ಮುರಿಯುವ ನಿಯಮ ಹಾಕಿ. ಮಕ್ಕಳ ಆಟವಾದರೆ ಕಾಂಜಿಯ ಮೇಲೆ ಉಚ್ಚಾರ ತೋರಿಸುವ ಚಿಕ್ಕ ಅಕ್ಷರಗಳಾದ ಫುರಿಗಾನ ಬೇಕು. ಅನುವಾದಕರಿಗೆ ಬರೀ ಸಾಲುಗಳ ಪಟ್ಟಿ ಕಳಿಸಬೇಡಿ. ಯಾರು, ಯಾರಿಗೆ, ಯಾವ ವಯಸ್ಸಿನವರು ಹೇಳುತ್ತಿದ್ದಾರೆ ಎಂದು ತಿಳಿಯದೆ ಸರಿಯಾದ ಗೌರವದ ರೂಪ ಹಾಕಲಾಗದು. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶ್ರಮ ಹಾಕಿದರೆ ಫಲ ಸಿಗುತ್ತದೆ ಎನ್ನಲು ಕ್ರ್ಯಾಶ್ ಬ್ಯಾಂಡಿಕೂಟ್ ಸಾಕು. ಅಮೆರಿಕದ ಈ ಆಟಕ್ಕೆ ಜಪಾನಿನಲ್ಲಿ ಸುಳಿವು ಕೊಡುವ ಸಂಭಾಷಣೆ ಸೇರಿಸಿದರು, ಪಾತ್ರದ ರೂಪ ತಿದ್ದಿದರು. ಸರಣಿಯ ಮೂರನೇ ಆಟ ಅಲ್ಲಿ 10 ಲಕ್ಷ ದಾಟಿತು.

ವಯೋಮಿತಿ ಗುರುತು ಕೊಡುವ ಸಂಸ್ಥೆ ಸೆರೊ. ಅದರ ಎ, ಬಿ, ಸಿ, ಡಿ, ಝಡ್‌ಗಳಲ್ಲಿ ಝಡ್ 18 ತುಂಬಿದವರಿಗೆ ಮಾತ್ರ. ಆದರೆ ಝಡ್ ಪಡೆದರೂ ಎಲ್ಲಕ್ಕೂ ಪರವಾನಗಿ ಸಿಕ್ಕಂತಲ್ಲ. ಅಂಗಾಂಗ ಕತ್ತರಿಸುವಂಥ ದೃಶ್ಯಗಳಿಗೆ ಅಲ್ಲೂ ತಡೆ. 2022ರಲ್ಲಿ ದಿ ಕ್ಯಾಲಿಸ್ಟೊ ಪ್ರೊಟೊಕಾಲ್‌ನ ಜಪಾನ್ ಬಿಡುಗಡೆ ರದ್ದಾದದ್ದು ಗುರುತು ಸಿಗದ ಕಾರಣಕ್ಕೇ. ಬಿಡುಗಡೆ ದಿನದ ಆಟಗಳ ಪಟ್ಟಿ ಪ್ರಕಟಿಸುವ ಮೊದಲು ಸೆರೊ ಫಲಿತಾಂಶ ಕೈಯಲ್ಲಿರಲಿ.

ದುರ್ಬಲ ಯೆನ್ ಇರುವಾಗ

ಯೆನ್ ಮೌಲ್ಯ ಕುಸಿದು ಯಂತ್ರ ತುಟ್ಟಿಯಾಗುವುದು ಈಗ ಹೊಸದಾಗಿ ಹೊರಡುವವರ ಮುಂದಿರುವ ಕಷ್ಟ, ಅದು ಸೋನಿಗೂ ಇದೆ. 2020ರಲ್ಲಿ ತೆರಿಗೆ ಸೇರಿ 54,978 ಯೆನ್ ಇದ್ದ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿ 2024ರ ಸೆಪ್ಟೆಂಬರ್‌ನಲ್ಲಿ 79,980 ಆಯಿತು. ಬೆಲೆ ಇಳಿಸಿದರೆ ದಲ್ಲಾಳಿಗಳು ಕೊಂಡು ಹೊರದೇಶಕ್ಕೆ ಸಾಗಿಸುತ್ತಾರೆ. ನಿಂಟೆಂಡೊ ಇದಕ್ಕೆ 2025ರ ಜೂನ್‌ನಲ್ಲಿ ದಾರಿ ಕಂಡುಕೊಂಡಿತು: ಜಪಾನಿ ಭಾಷೆ ಮಾತ್ರ ಇರುವ, ಜಪಾನಿನ ಖಾತೆ ಮಾತ್ರ ಜೋಡಿಸಬಹುದಾದ ಸ್ವಿಚ್ 2ಕ್ಕೆ 49,980 ಯೆನ್, ಬಹುಭಾಷಾ ಮಾದರಿಗೆ 69,980. ಅದೇ ವರ್ಷದ ನವೆಂಬರ್‌ನಲ್ಲಿ ಸೋನಿಯೂ ಜಪಾನಿ ಭಾಷೆಯ ಡಿಜಿಟಲ್ ಮಾದರಿಯನ್ನು 55,000ಕ್ಕೆ ತಂದಿತು. ಹೊರಗಿನ ಕಂಪನಿ ಇದನ್ನು ಅನುಸರಿಸುವುದಾದರೆ ಭಾಷೆಯ ಬೀಗವನ್ನು ಯಂತ್ರದ ತಂತ್ರಾಂಶ ಬರೆಯುವ ಹಂತದಲ್ಲೇ ಯೋಜಿಸಬೇಕು. ಮಾರಾಟವಾದ ಯಂತ್ರಗಳಿಗೆ ನಂತರ ಬೀಗ ಹಾಕಲು ಹೋದರೆ ಜಪಾನಿನಲ್ಲಿ ನೆಲೆಸಿರುವ ವಿದೇಶೀಯರು ಕೊಂಡ ಯಂತ್ರಗಳೂ ಕೆಡುತ್ತವೆ. ಅವರಿಗಾಗಿ ಬಹುಭಾಷಾ ಮಾದರಿಯನ್ನು ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಇಟ್ಟು, ಒಂದು ಖಾತೆಗೆ ಒಂದೇ ಯಂತ್ರ ಎಂಬ ಮಿತಿ ಹಾಕಿ.