ರಿಪ್ ಫೈಲಿಗೆ ಡಿಸ್ಕೇ ಬೇಡ: ರ‍್ಯಾಮ್‌ನಲ್ಲಿಟ್ಟ ನನ್ನ ಅನುಭವ

ಬ್ಯಾನರ್ ಪ್ರಿಂಟ್ ಮಾಡುವ ನಮ್ಮ ಎರಡು ಸಾಲ್ವೆಂಟ್ ಮಷಿನ್‌ಗಳ ರಿಪ್ ಫೋಲ್ಡರ್ ಈಗ ಎಸ್‌ಎಸ್‌ಡಿಯಲ್ಲೂ ಇಲ್ಲ, ಹಾರ್ಡ್ ಡಿಸ್ಕಿನಲ್ಲೂ ಇಲ್ಲ. ಪೂರ್ತಿ ರ‍್ಯಾಮ್‌ನಲ್ಲಿದೆ, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಲ್ಲಿ. ಗಣೇಶನ ಹಬ್ಬ, ರಾಜ್ಯೋತ್ಸವ, ಒಂದು ಎಲೆಕ್ಷನ್, ಎಲ್ಲವೂ ಹೀಗೇ ದಾಟಿದವು. ಶುರು ಮಾಡಿದಾಗ ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ರಿಪ್ ಅಂದರೆ ಡಿಸೈನನ್ನು ಪ್ರಿಂಟರ್ ಹಾಕುವ ಚುಕ್ಕಿಗಳಾಗಿ ಬಿಡಿಸುವ ಸಾಫ್ಟ್‌ವೇರ್, ಆ ಕೆಲಸಕ್ಕೂ ಅದೇ ಹೆಸರು; ಪಾಸ್ ಅಂದರೆ ಇಂಕ್ ಹಾಕುವ ಹೆಡ್ ಬ್ಯಾನರಿನ ಅಡ್ಡಕ್ಕೆ ಒಂದು ಸಲ ಓಡೋದು. ಈ ಕಸುಬಿನವರಿಗೆ ಇದು ಗೊತ್ತಿರುವುದೇ.

ಮೊದಲು ಒಂದು ಲೆಕ್ಕ. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಬ್ಯಾನರ್. 360 ಡಿಪಿಐನಲ್ಲಿ, ಅಂದರೆ ಇಂಚಿಗೆ 360 ಚುಕ್ಕಿಯಂತೆ ರಿಪ್ ಮಾಡಿದರೆ ಸುಮಾರು 370 ಕೋಟಿ ಚುಕ್ಕಿ. ನಾಲ್ಕು ಬಣ್ಣ, ಬಣ್ಣಕ್ಕೆ ಎರಡು ಬಿಟ್. ಅಲ್ಲಿಗೆ ಚುಕ್ಕಿಗೊಂದು ಬೈಟ್, ಒಟ್ಟು 3.7 ಜಿಬಿ. ಪ್ರಿಂಟ್ ಮುಗಿದ ಮೇಲೆ ಅದನ್ನು ಅಳಿಸುತ್ತೇವೆ. ಸೀಸನ್‌ನಲ್ಲಿ ಇಂಥವು ದಿನಕ್ಕೆ ಮೂವತ್ತು, ನಲವತ್ತು. ಅಂದರೆ ನೂರೈವತ್ತು ಜಿಬಿ ಬರೆಯೋದು, ಅಳಿಸೋದು. ಯಾರೂ ಕೂತು ಈ ಲೆಕ್ಕ ಹಾಕಲ್ಲ, ಅಲ್ವಾ?

ಹಾರ್ಡ್ ಡಿಸ್ಕ್ ಇದ್ದಾಗಿನ ಕತೆ ಎಲ್ಲರದೂ ಒಂದೇ. ಒಂದು ಕೆಲಸ ಪ್ರಿಂಟ್ ಆಗುತ್ತಿರುವಾಗ ಇನ್ನೊಂದನ್ನು ರಿಪ್‌ಗೆ ಹಾಕಿದರೆ ಮುಗೀತು, ಡಿಸ್ಕು ಆ ಕಡೆಗೂ ಈ ಕಡೆಗೂ ಓಡಾಡಿ ಸುಸ್ತಾಗುತ್ತಿತ್ತು. ಹಾಗಾಗಿ ಸಾವಿರದ ನಾನೂರೋ ಏನೋ ಕೊಟ್ಟು 120 ಜಿಬಿಯ ಎಸ್‌ಎಸ್‌ಡಿ ತಂದೆ. ಕೆಲವು ತಿಂಗಳು ಸ್ವರ್ಗ. ಆಮೇಲೆ ಶುರುವಾಯಿತು ನೋಡಿ.

ಪ್ರಿಂಟ್ ಆಗುತ್ತಾ ಆಗುತ್ತಾ ಹೆಡ್ ಎಡಗಡೆ ಹೋಗಿ ನಿಂತುಬಿಡುತ್ತಿತ್ತು. ಎರಡು ಸೆಕೆಂಡ್, ಮೂರು ಸೆಕೆಂಡ್. ಮತ್ತೆ ಹೊರಡುತ್ತಿತ್ತು. ಅಷ್ಟರಲ್ಲಿ ಹಿಂದಿನ ಪಾಸಿನ ಇಂಕ್ ಅಂಚಿನಲ್ಲಿ ಒಣಗಿರುತ್ತಿತ್ತು. ಅಲ್ಲೊಂದು ಅಡ್ಡ ಗೆರೆ. ಒಂದು ಸಲ ಆ ಗೆರೆ ಸರಿಯಾಗಿ ನಾಯಕರ ಕೆನ್ನೆಯ ಮೇಲೇ ಬಿತ್ತು. ಗಿರಾಕಿ ಬಂದು, "ಏನಣ್ಣಾ, ನಮ್ ಲೀಡರ್ ಮುಖಕ್ಕೆ ಬರೆ ಹಾಕಿದೀರಲ್ಲ!" ಅಂದ. ಮೀಡಿಯಾ (ಪ್ರಿಂಟ್ ಮಾಡುವ ಬ್ಯಾನರ್ ಶೀಟು), ಇಂಕ್ ಸೇರಿ ಸಾವಿರದ ಮೇಲೆ ನೀರಿಗೆ ಹೋಯಿತು. ಆ ತಿಂಗಳು ಅಂಥವು ಎಷ್ಟು ಹೋದವೋ.

ಹೆಡ್ ರಿಪೇರಿಯವರು ಬಂದು ಹೆಡ್ ತೊಳೆದರು, ಡೇಟಾ ಕೇಬಲ್ ಬದಲಿಸಿದರು, ಅರ್ಥಿಂಗ್ ಸರಿಯಿಲ್ಲ ಅಂದರು. ಮೂರು ಸಾವಿರ ಇಸಕೊಂಡು ಹೋದರು. ಗೆರೆ ಹಾಗೇ ಇತ್ತು. ಕೊನೆಗೆ ನಾನೇ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕೂತೆ. ಹೆಡ್ ನಿಂತ ಕ್ಷಣಕ್ಕೆ ಡಿಸ್ಕಿನ ಆಕ್ಟಿವ್ ಟೈಮ್ ನೂರಕ್ಕೆ ನೂರು. ಬರೆಯುವ ವೇಗ ಮಾತ್ರ ಸೊನ್ನೆ! ಕಳ್ಳ ಸಿಕ್ಕಿಬಿದ್ದ.

ಆಗಿದ್ದಿಷ್ಟು. ಎಸ್‌ಎಸ್‌ಡಿಯೊಳಗೆ ಡೇಟಾ ಇರುವ ನ್ಯಾಂಡ್ ಚಿಪ್‌ನಲ್ಲಿ ಬರೆಯೋದು ಪೇಜ್ ಲೆಕ್ಕದಲ್ಲಿ, ಕೆಲವು ಕೆಬಿ. ಅಳಿಸೋದು ಬ್ಲಾಕ್ ಲೆಕ್ಕದಲ್ಲಿ, ಕೆಲವು ಎಂಬಿ. ಬರೆದ ಜಾಗದ ಮೇಲೆ ಹಾಗೇ ಬರೆಯೋಕೆ ಆಗಲ್ಲ. ಡಿಸ್ಕ್ ತುಂಬುತ್ತಾ ಬಂದ ಹಾಗೆ ಅದನ್ನು ನಡೆಸುವ ಕಂಟ್ರೋಲರ್ ಚಿಪ್ ಬೇಕಾದ ಪೇಜ್‌ಗಳನ್ನು ಬೇರೆ ಕಡೆ ಸಾಗಿಸಿ, ಬ್ಲಾಕ್ ಅಳಿಸಿ, ಆಮೇಲೆ ನಮ್ಮ ಡೇಟಾ ಬರೆಯಬೇಕು. ನಾವು ಒಂದು ಜಿಬಿ ಬರೆದರೆ ಅದು ಒಳಗೊಳಗೇ ಎರಡೋ ಮೂರೋ ಬರೆದಿರುತ್ತದೆ. ಅಗ್ಗದ ಡಿಸ್ಕಿನಲ್ಲಿ ಸ್ವಂತ ಡಿರ‍್ಯಾಮ್, ಅಂದರೆ ರ‍್ಯಾಮ್‌ನಲ್ಲಿರುವಂಥ ಮೆಮೊರಿ ಚಿಪ್, ಬೇರೆ ಇರಲ್ಲ. ಆ ಸಾಗಿಸುವ, ಅಳಿಸುವ ಕೆಲಸ ತಲೆ ಮೇಲೆ ಬಿದ್ದಾಗ ನಮ್ಮನ್ನು ಕಾಯಿಸುತ್ತದೆ. ತಮಾಷೆ ಏನೆಂದರೆ ಪ್ರಿಂಟರ್ ಕೇಳೋದು ಸೆಕೆಂಡಿಗೆ ಎರಡು ಮೂರು ಎಂಬಿ ಅಷ್ಟೇ. ಡಬ್ಬದ ಮೇಲೆ 500 ಎಂಬಿ ಅಂತ ಬರೆದಿರುತ್ತಾರೆ. ನಮಗೆ ಬೇಕಿರೋದು ಆ 500 ಅಲ್ಲ, ನಡುವೆ ಎಲ್ಲೂ ನಿಲ್ಲದ ಮೂರು.

ದೊಡ್ಡ ಡಿಸ್ಕ್ ಆದರೆ ಸರಿಹೋದೀತು ಅಂತ 480 ಜಿಬಿಯ ಕ್ಯೂಎಲ್‌ಸಿ ತಂದೆ, ಒಂದೊಂದು ಸೆಲ್‌ನಲ್ಲಿ ನಾಲ್ಕು ಬಿಟ್ ತುರುಕುವ ಬಗೆಯ ಎಸ್‌ಎಸ್‌ಡಿ. ಅದರ ಎಸ್‌ಎಲ್‌ಸಿ ಕ್ಯಾಶ್ (ಮೊದಲು ಬರೆದಿಡುವ ವೇಗದ ಜಾಗ) ತುಂಬುವ ತನಕ 450 ಎಂಬಿ, ತುಂಬಿದ ಮೇಲೆ 60, 70. ಎರಡು ಮಷಿನ್ ಒಟ್ಟಿಗೆ ಓಡಿಸಿದರೆ ಮತ್ತೆ ಅದೇ ಗೆರೆ. ಅಷ್ಟರಲ್ಲಿ ಹಳೆಯ 120 ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಆದಾಗ ಮೊದಲು ಬರುವ ಬಯೋಸ್‌ನಲ್ಲೇ ಕಾಣಲಿಲ್ಲ. ಅಂಗಡಿಯವರು "ಬರೆಯೋ ಮಿತಿ ಮುಗಿದಿದೆ, ವಾರಂಟಿ ಬರಲ್ಲ ಸಾರ್" ಅಂದರು. ಆ ಸೈಜಿನ ಅಗ್ಗದ ಡಿಸ್ಕಿಗೆ ಕಂಪನಿ ಹೇಳುವ ಮಿತಿ 40 ಟಿಬಿ ಆಸುಪಾಸು. ನಮ್ಮದು ವರ್ಷಕ್ಕೆ ಮೂವತ್ತರ ಮೇಲೆ. ಒಳಗಿನ ಬರವಣಿಗೆ ಬೇರೆ ಉಂಟಲ್ಲ. ಅವರು ಹೇಳಿದ್ದು ಸುಳ್ಳಲ್ಲ ಬಿಡಿ.

ರ‍್ಯಾಮ್ ಡಿಸ್ಕ್, ಅಂದರೆ ರ‍್ಯಾಮ್‌ನ ಒಂದು ಭಾಗವನ್ನೇ ಡ್ರೈವ್ ಮಾಡಿಕೊಳ್ಳೋದು, ಅಂದಾಗ ನಮ್ಮ ಹಾರ್ಡ್‌ವೇರ್ ಹುಡುಗನೇ ಮೊದಲು ಬೇಡ ಅಂದ. "ಕರೆಂಟ್ ಹೋದ್ರೆ ಎಲ್ಲಾ ಗೋವಿಂದ ಅಣ್ಣಾ." ನಿಜ. ಡಿರ‍್ಯಾಮ್‌ನ ಒಂದೊಂದು ಬಿಟ್ಟೂ ಚಿಕ್ಕ ಕೆಪಾಸಿಟರ್‌ನಲ್ಲಿರುವ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. 64 ಮಿಲಿಸೆಕೆಂಡಿಗೊಮ್ಮೆ ತುಂಬಿಸಬೇಕು. ಕರೆಂಟ್ ಇಲ್ಲ ಅಂದರೆ ಏನೂ ಇಲ್ಲ. ಆದರೆ ಕರೆಂಟ್ ಹೋದರೆ ಪ್ರಿಂಟರೂ ನಿಲ್ಲುತ್ತದಲ್ಲ! ಅರ್ಧ ಪ್ರಿಂಟ್ ಹೇಗೂ ವೇಸ್ಟ್. ಮೂಲ ಟಿಫ್ (ಡಿಸೈನ್ ಫೈಲು) ಎಸ್‌ಎಸ್‌ಡಿಯಲ್ಲಿ ಭದ್ರವಾಗಿರುತ್ತದೆ. ಐದಾರು ನಿಮಿಷದಲ್ಲಿ ಮತ್ತೆ ರಿಪ್ ಆಗುತ್ತದೆ. ಮತ್ತೆ ಹುಟ್ಟಿಸಬಹುದಾದ ಫೈಲಿಗೆ ಶಾಶ್ವತ ಜಾಗ ಯಾಕೆ? ಇನ್ನೊಂದು, ಎಷ್ಟು ಬರೆದರೂ ಡಿರ‍್ಯಾಮ್ ನ್ಯಾಂಡಿನ ಹಾಗೆ ಸವೆಯಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಝಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ವರ್ಕ್‌ಸ್ಟೇಷನ್ ಸಿಕ್ಕಿತು, ಹದಿನೆಂಟು ಸಾವಿರ ಚಿಲ್ಲರೆ. ಎಂಟು ಸ್ಲಾಟ್. ಸರ್ವರ್‌ನಿಂದ ಕಳಚಿದ ಡಿಡಿಆರ್3 ರಿಜಿಸ್ಟರ್ಡ್ ರ‍್ಯಾಮ್, 8 ಜಿಬಿಯ ಎಂಟು ಸ್ಟಿಕ್. ಚೌಕಾಸಿ ಮಾಡಿ ಒಂದಕ್ಕೆ ಆರುನೂರು, ಏಳುನೂರರ ಹಾಗೆ ತಂದೆ. ಈ ರ‍್ಯಾಮ್ ಅಗ್ಗ ಇರೋದಕ್ಕೆ ಕಾರಣ ಇದೆ, ಮಾಮೂಲಿ ಮನೆ ಬೋರ್ಡಿಗೆ ಹಾಕಿದರೆ ಬೂಟೇ ಆಗಲ್ಲ. ಮಾಮೂಲಿ ಸ್ಟಿಕ್ ಜೊತೆ ಬೆರೆಸೋಕೂ ಆಗಲ್ಲ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಒಂದು ಸ್ಟಿಕ್ ಕೆಂಪು ಸಾಲು ತೋರಿಸಿತು, ಬದಲಾಯಿಸಿಕೊಟ್ಟರು.

64 ರಲ್ಲಿ 40 ಜಿಬಿ ರ‍್ಯಾಮ್ ಡಿಸ್ಕಿಗೆ, ಉಳಿದದ್ದು ವಿಂಡೋಸ್‌ಗೆ ಮತ್ತು ರಿಪ್‌ಗೆ. ಸಾಫ್ಟ್‌ವೇರ್ ಇಮ್‌ಡಿಸ್ಕ್, ಪುಕ್ಕಟೆ. ಅದರಲ್ಲಿ ಫಿಸಿಕಲ್ ಮೆಮೊರಿ ಅನ್ನುವ ಆಯ್ಕೆ ಇದೆ, ಅದನ್ನೇ ಹಾಕಿ. ಇಲ್ಲದಿದ್ದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಡಿಸ್ಕಿನಲ್ಲಿರುವ ಪೇಜ್‌ಫೈಲಿಗೆ ತಳ್ಳಬಹುದು. ರ‍್ಯಾಮ್ ಡಿಸ್ಕ್ ಅಂತ ಹೋಗಿ ಮತ್ತೆ ಎಸ್‌ಎಸ್‌ಡಿಗೇ ಬರೆದ ಹಾಗಾಗುತ್ತದೆ. ಹೈಬರ್ನೇಟ್ (ರ‍್ಯಾಮ್‌ನಲ್ಲಿರೋದನ್ನು ಡಿಸ್ಕಿಗೆ ಬರೆದಿಟ್ಟು ಕಂಪ್ಯೂಟರ್ ಆರಿಸೋದು) ಕೂಡ ತೆಗೆದುಬಿಡಿ. ಅದರ ಫೈಲು ರ‍್ಯಾಮ್‌ನ ಶೇಕಡಾ 40 ರಷ್ಟು ಜಾಗ ತಿನ್ನುತ್ತದೆ, 64 ಜಿಬಿಗೆ ಇಪ್ಪತ್ತೈದು ಜಿಬಿ ಹೋಯಿತು. ಬೆಳಿಗ್ಗೆ ಕಂಪ್ಯೂಟರ್ ಆನ್ ಆದಾಗ ಡ್ರೈವ್ ತಾನೇ ಹುಟ್ಟಿ, ಫೋಲ್ಡರ್‌ಗಳು ಆಗಿ, ಆಮೇಲೆ ರಿಪ್ ತೆರೆಯಬೇಕು. ಈ ಕ್ರಮ ತಪ್ಪಿದರೆ ರಿಪ್ ಸಿ ಡ್ರೈವಿಗೆ ಬರೆಯುತ್ತದೆ. ಅದಕ್ಕೊಂದು ಬ್ಯಾಚ್ ಫೈಲ್, ಅಂದರೆ ಸಾಲಾಗಿ ನಡೆಯುವ ಕಮಾಂಡ್‌ಗಳ ಪಟ್ಟಿ, ಮಾಡಿಕೊಂಡಿದ್ದೇನೆ. ಅದನ್ನು ಮಾತ್ರ ಕೇಳಬೇಡಿ, ಅದರ ಮೇಲೆ ಬಹಳ ನಿದ್ದೆಗೆಟ್ಟಿದ್ದೇನೆ.

ವೇಗದ ವಿಷಯ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಟೆಸ್ಟ್‌ನಲ್ಲಿ ಸೆಕೆಂಡಿಗೆ ನಾಲ್ಕು ಜಿಬಿ ತೋರಿಸಿತು, ನೋಡಿ ಖುಷಿ ಪಡೋಕೆ ಚೆನ್ನ. ರಿಪ್ ಸಮಯ ಎಂಟು ನಿಮಿಷದಿಂದ ಆರಕ್ಕೆ ಇಳಿಯಿತು ಅಷ್ಟೇ. ಮಿಕ್ಕಿದ್ದು ಪ್ರೊಸೆಸರ್ ಕೆಲಸ. ಆದರೆ ಹೆಡ್ ನಿಲ್ಲೋದು ನಿಂತಿತು. ಗೆರೆ ಹೋಯಿತು. ಉಳಿದ ಮೀಡಿಯಾದಲ್ಲೇ ವರ್ಕ್‌ಸ್ಟೇಷನ್‌ನ ದುಡ್ಡು ಒಂದೇ ಸೀಸನ್‌ನಲ್ಲಿ ಹುಟ್ಟಿತು.

ನಡುವೆ ಒಂದು ಹುಚ್ಚು. ಪರಿಚಯದವರ ಗೋಡೌನ್‌ನಲ್ಲಿ ಗಿಗಾಬೈಟ್ ಐ-ರ‍್ಯಾಮ್ ಸಿಕ್ಕಿತು, ರ‍್ಯಾಮನ್ನೇ ಡಿಸ್ಕಾಗಿ ಬಳಸುವ ಸಾಧನ, 2005 ರ ಮಾಲು. ಪಿಸಿಐ ಕಾರ್ಡ್, ಮೇಲೆ ನಾಲ್ಕು ಡಿಡಿಆರ್ ಸ್ಲಾಟ್, ಹೆಚ್ಚೆಂದರೆ 4 ಜಿಬಿ. ಪಿಸಿಐ ಸ್ಲಾಟಿನಿಂದ ಕರೆಂಟ್ ಮಾತ್ರ ತಗೊಳ್ಳುತ್ತದೆ, ಡೇಟಾ ಹೋಗೋದು ಡಿಸ್ಕಿಗೆ ಹಾಕುವ ಸಾಟಾ ಕೇಬಲ್ಲಿನಲ್ಲಿ. ವೈರ್ ಕಿತ್ತರೂ ಕೆಲವು ಗಂಟೆ ಡೇಟಾ ಉಳಿಸೋಕೆ ಒಂದು ಬ್ಯಾಟರಿ. ನನಗೆ ಸಿಕ್ಕಿದ್ದರಲ್ಲಿ ಬ್ಯಾಟರಿ ಸತ್ತಿತ್ತು. ಹಳೆಯ ಬೋರ್ಡಿಗೆ ಹಾಕಿ ನೋಡಿದೆ. ಸೆಕೆಂಡಿಗೆ 130 ಎಂಬಿ ದಾಟಲಿಲ್ಲ. ಮೊದಲ ತಲೆಮಾರಿನ ಸಾಟಾ ಅದರ ಕತ್ತು ಹಿಸುಕಿತ್ತು. ಆದರೂ ಚಿಕ್ಕ ಚಿಕ್ಕ ಫೈಲು ತೆರೆಯೋದರಲ್ಲಿ ಪರವಾಗಿಲ್ಲ, ಚುರುಕಾಗಿತ್ತು. ಈಗ ಶೋಕೇಸಿನಲ್ಲಿದೆ.

ಮೂಲ ಟಿಫ್ ಇಡೋಕೆ ಇಂಟೆಲ್ ಡಿಸಿ ಎಸ್3700, ಸೆಕೆಂಡ್ ಹ್ಯಾಂಡ್ 200 ಜಿಬಿ. ದಿನಕ್ಕೆ ಹತ್ತು ಸಲ ಪೂರ್ತಿ ಬರೆದರೂ ಐದು ವರ್ಷ ತಡೆಯುವ ಲೆಕ್ಕದಲ್ಲಿ ಮಾಡಿದ್ದು. ಒಳಗೆ ಕೆಪಾಸಿಟರ್ ಇದೆ, ಕರೆಂಟ್ ಹೋದರೆ ಕೈಯಲ್ಲಿರುವುದನ್ನು ಬರೆದು ಮುಗಿಸುತ್ತದೆ. ಅದರಲ್ಲೂ ಕಂಟ್ರೋಲರಿನ ಸಾಗಾಟಕ್ಕೆ ಖಾಲಿ ಇರಲಿ ಅಂತ ಒಂದಿಷ್ಟು ಜಾಗ ಪಾರ್ಟಿಷನ್ ಮಾಡದೆ ಬಿಟ್ಟಿದ್ದೇನೆ. ಎಷ್ಟು ಅಂತ ನೀವೇ ಟೆಸ್ಟ್ ಮಾಡಿ ಕಂಡುಕೊಳ್ಳಿ.

ಇನ್ನೂ ಒಂದು ತಲೆನೋವು ಉಳಿದಿದೆ. ಜಾತ್ರೆಯ ಸಮಯದಲ್ಲಿ ಎರಡೂ ಮಷಿನ್‌ಗೆ ಉದ್ದುದ್ದ ಕೆಲಸ ಸಾಲುಗಟ್ಟಿದರೆ 40 ಜಿಬಿ ಸಾಲಲ್ಲ. ಆಗ ಹುಡುಗರು ಹಳೆಯ ಕೆಲಸ ಅಳಿಸಿ ಅಳಿಸಿ ಜಾಗ ಮಾಡಬೇಕು. 16 ಜಿಬಿಯ ಸ್ಟಿಕ್ ಹುಡುಕುತ್ತಿದ್ದೇನೆ, ಸರಿಯಾದ ರೇಟಿಗೆ ಸಿಕ್ಕರೆ 128 ಮಾಡಿಸುತ್ತೇನೆ.