ದೆಹಲಿಯ ಯುದ್ಧ ಸ್ಮಾರಕದಲ್ಲಿ ನಮ್ಮೂರ ಯೋಧನ ಹೆಸರು ಹುಡುಕುವುದು ಹೇಗೆ?

ರಾಯಚೂರಿನ ಬಂಧುಗಳೊಡನೆ ದೆಹಲಿಗೆ ಹೋದ ಎರಡೂ ಸಲ, ನಮ್ಮ ಕಡೆಯ ಜನ 1971ರ ಯುದ್ಧದಲ್ಲಿ ಮಡಿದವರ ಹೆಸರನ್ನು ಇಂಡಿಯಾ ಗೇಟಿನ ಕಲ್ಲಿನಲ್ಲಿ ಹುಡುಕುತ್ತ, ಸಿಗದೆ ನೊಂದು ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ. 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟಿನಲ್ಲಿರುವುದು ಮೊದಲ ಮಹಾಯುದ್ಧ ಹಾಗೂ 1919ರ ಅಫ್ಘನ್ ಯುದ್ಧದ ಕಾಲದ ಹೆಸರುಗಳು. ಸ್ವಾತಂತ್ರ್ಯಾನಂತರ ಹುತಾತ್ಮರಾದವರ ಹೆಸರುಗಳು ಅದರ ಪಕ್ಕದಲ್ಲೇ, 2019ರ ಫೆಬ್ರುವರಿ 25ರಂದು ಲೋಕಾರ್ಪಣೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿವೆ.

ಪ್ರಯಾಣ ಸುಲಭ. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುತ್ತದೆ. ಬಳ್ಳಾರಿಯವರು ಗುಂತಕಲ್ಲಿಗೆ ಹೋಗಿ ಅದನ್ನೇ ಹಿಡಿಯಬಹುದು. ನವದೆಹಲಿ ನಿಲ್ದಾಣದಿಂದ ಹಳದಿ ಮಾರ್ಗದ ಮೆಟ್ರೊದಲ್ಲಿ ಸೆಂಟ್ರಲ್ ಸೆಕ್ರೆಟೇರಿಯಟ್‌ಗೆ ಬಂದು, ಅಲ್ಲಿಂದ ಆಟೊ ಹಿಡಿಯಿರಿ. ಸ್ಮಾರಕಕ್ಕೆ ಪ್ರವೇಶ ಉಚಿತ. ಟಿಕೆಟ್ ಕೊಡಿಸುತ್ತೇವೆಂದು ಹಣ ಕೇಳುವವರ ಮಾತು ನಂಬಬೇಡಿ.

ನಿಜವಾದ ಕೆಲಸ ಮನೆಯಲ್ಲೇ ಆರಂಭವಾಗಬೇಕು. ಸ್ಮಾರಕದ ವೃತ್ತಾಕಾರದ ಭಾಗಗಳಲ್ಲೊಂದಾದ ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರುಗಳಿರುವುದರಿಂದ, ಊರಿನಲ್ಲಿ ಕರೆಯುತ್ತಿದ್ದ ಹೆಸರೊಂದನ್ನೇ ಹಿಡಿದು ಹೋದರೆ ದಿನವೆಲ್ಲ ಅಲೆದರೂ ಸಿಗುವುದು ಕಷ್ಟ. ಸೇನೆಯ ಕಾಗದಪತ್ರ ಅಥವಾ ಪಿಂಚಣಿ ಪುಸ್ತಕ ತೆಗೆದು ಪೂರ್ಣ ಹೆಸರು, ಹುದ್ದೆ, ಸೇವಾ ಸಂಖ್ಯೆ, ರೆಜಿಮೆಂಟ್ ಮತ್ತು ಮಡಿದ ವರ್ಷವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಹೆಸರಿನ ಕಾಗುಣಿತ ದಾಖಲೆಯಲ್ಲಿ ಹೇಗಿದೆಯೋ ಹಾಗೆಯೇ ಇರಲಿ: ಬಸವರಾಜ, ವಿರೂಪಾಕ್ಷಿ, ಹುಲಿಗೆಪ್ಪ ಎಂಬ ನಮ್ಮ ಹೆಸರುಗಳನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ಬಗೆಯಲ್ಲಿ ಬರೆದಿರುತ್ತಾರೆ. ಮನೆತನದ ಹೆಸರು ಮೊದಲು ಬಂದಿದೆಯೋ ಕೊನೆಯಲ್ಲಿದೆಯೋ ಎಂಬುದನ್ನೂ ನೋಡಿಕೊಳ್ಳಿ. ಹೊರಡುವ ಮುನ್ನ ಸ್ಮಾರಕದ ಅಧಿಕೃತ ಜಾಲತಾಣದಲ್ಲಿ ಒಮ್ಮೆ ಹೆಸರು ಹುಡುಕಿ ನೋಡುವುದು ಒಳ್ಳೆಯದು. ಸ್ಮಾರಕದಲ್ಲಿ ಗೊಂದಲವಾದರೆ ಗೋಡೆಯಿಂದ ಗೋಡೆಗೆ ಓಡಾಡದೆ, ಆ ಹಾಳೆಯನ್ನು ಕರ್ತವ್ಯದಲ್ಲಿರುವ ಸೈನಿಕರಿಗೆ ತೋರಿಸಿ ಕೇಳಿರಿ.

ಲೋಂಗೇವಾಲಾ, ರೆಜಾಂಗ್ ಲಾ ಮೊದಲಾದ ಕದನಗಳ ಆರು ಕಂಚಿನ ಉಬ್ಬುಚಿತ್ರಗಳಿರುವ ವೀರತಾ ಚಕ್ರವನ್ನು ಆಮೇಲೆ ನೋಡಿದರಾಯಿತು.

ಮಧ್ಯಾಹ್ನದ ಬಿಸಿಲಿನಲ್ಲಿ ವಯಸ್ಸಾದ ತಾಯಂದಿರನ್ನು ಕರೆದೊಯ್ಯಲೇಬೇಡಿ. ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ತಲುಪಿ. ಇಂಡಿಯಾ ಗೇಟಿನಲ್ಲಿದ್ದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿ 21ರಂದು ಇಲ್ಲಿನ ಜ್ಯೋತಿಯಲ್ಲಿ ವಿಲೀನಗೊಳಿಸಲಾಯಿತು. ಸಂಜೆ ಅಮರ ಚಕ್ರದ ಆ ಜ್ಯೋತಿಯ ಬಳಿ ಹುತಾತ್ಮರ ಕುಟುಂಬದವರು ಪುಷ್ಪಚಕ್ರ ಇರಿಸುವಾಗ ಮೊಬೈಲ್ ಜೇಬಿನೊಳಗಿರಲಿ, ಮಕ್ಕಳ ಕೈ ನಿಮ್ಮ ಕೈಯಲ್ಲಿರಲಿ.