ಮುಂಬಯಿಯಲ್ಲಿ ಮನೆಯಿಂದಲೇ ಕೆಲಸವೇ? ಬಾಡಿಗೆ ಮನೆ ಹಿಡಿಯುವ ಮುಂಚೆ ಇದನ್ನು ನೋಡಿ

ದಿನಾ ಆಫೀಸಿಗೆ ಓಡುವ ಗೋಜಿಲ್ಲದವರು ಅಂಧೇರಿ, ಪೊವಾಯಿ ಬಾಡಿಗೆ ಯಾಕೆ ಕಟ್ಟಬೇಕು? ಮುಂಬಯಿಯಾಚೆಯ ಡೊಂಬಿವಲಿ, ಬದಲಾಪುರದ ಕಡೆ ನೋಡಿ. ಆದರೆ ಮಳೆಗಾಲದಲ್ಲಿ ಆ ಕಡೆ ಕರೆಂಟು ಕೈಕೊಡುವುದುಂಟು.

ಹಾಗಾಗಿ ಮನೆ ನೋಡಲು ಹೋದಾಗ ಮಾಡ್ಯುಲರ್ ಕಿಚನ್ ಆಮೇಲೆ, ಮೊದಲು ಬಾಗಿಲ ಮೇಲಿಂದ ಒಳಬರುವ ಇಂಟರ್‌ನೆಟ್ ವೈರು ನೋಡಿ. ತೆಳ್ಳನೆಯ ಫೈಬರ್ ಮನೆಯೊಳಗಿನ ಮೋಡೆಮ್‌ವರೆಗೂ ಬಂದಿದ್ದರೆ ಒಳ್ಳೆಯದು. ದಪ್ಪ ಲ್ಯಾನ್ ಕೇಬಲ್ ಬಂದಿದ್ದರೆ ಟೆರೇಸಿನಲ್ಲೋ ಮೆಟ್ಟಿಲ ಹತ್ತಿರವೋ ಒಂದು ಸ್ವಿಚ್ (ನೆಟ್ಟನ್ನು ಮನೆಮನೆಗೆ ಹಂಚುವ ಪೆಟ್ಟಿಗೆ) ಇರುತ್ತದೆ, ಅದು ನಡೆಯುವುದು ಬಿಲ್ಡಿಂಗಿನ ಕರೆಂಟಿನಲ್ಲಿ. ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ, ಕರೆಂಟು ಹೋದಾಗ ನಿಮ್ಮ ಮನೆಯ ಇನ್ವರ್ಟರ್ ಎಷ್ಟೇ ದೊಡ್ಡದಿರಲಿ, ನೆಟ್ ಬರುವುದಿಲ್ಲ. ಕೇಬಲ್‌ನವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿ.

ಫೈಬರ್ ಇದ್ದರೆ ಮಿನಿ ಯುಪಿಎಸ್ (ಕರೆಂಟು ಹೋದಾಗ ಮೋಡೆಮ್, ರೂಟರ್ ನಡೆಸುವ ಸಣ್ಣ ಬ್ಯಾಟರಿ) ಸಾಕು. ಯುಪಿಎಸ್‌ನ ವೋಲ್ಟ್ ರೂಟರ್ ಅಡಾಪ್ಟರ್ ಮೇಲೆ ಬರೆದಿರುವುದಕ್ಕೇ (ಸಾಮಾನ್ಯವಾಗಿ 12) ಸರಿಯಾಗಿ ಹೊಂದಬೇಕು, ಆಂಪಿಯರ್ ಅದರಲ್ಲಿರುವುದಕ್ಕಿಂತ ಕಡಿಮೆ ಇರಬಾರದು. ಮೋಡೆಮ್, ರೂಟರ್ ಬೇರೆ ಬೇರೆಯಾಗಿದ್ದರೆ ಎರಡು ಔಟ್‌ಪುಟ್ ಇರುವುದನ್ನೇ ತೆಗೆದುಕೊಳ್ಳಿ.

ಬಾಡಿಗೆ ಕರಾರು 11 ತಿಂಗಳದ್ದಾದರೂ ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯ. ನೋಟರಿ ಮಾಡಿಸಿದರೆ ಸಾಕು ಅನ್ನುವ ಏಜೆಂಟರ ಮಾತು ಕೇಳಬೇಡಿ. ಸ್ಟಾಂಪ್ ಡ್ಯೂಟಿ 0.25%: ಕರಾರಿನ ಅವಧಿಯ ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ 10% ಬಡ್ಡಿ ಸೇರಿಸಿ ಲೆಕ್ಕ. 11 ತಿಂಗಳಿಗೆ, ತಿಂಗಳಿಗೆ 30,000 ಬಾಡಿಗೆ, ಒಂದು ಲಕ್ಷ ಡಿಪಾಸಿಟ್ ಇದ್ದರೆ ಸುಮಾರು 850 ರೂಪಾಯಿ. ನೋಂದಣಿ ಶುಲ್ಕ, ಏಜೆಂಟರ ಸರ್ವಿಸ್ ಚಾರ್ಜ್ ಬೇರೆ. ನೆಟ್ ಕಂಪನಿ ಬದಲಿಸಲು ಹೌಸಿಂಗ್ ಸೊಸೈಟಿಯ (ಬಿಲ್ಡಿಂಗಿನವರ ಸಂಘದ) ಅಡ್ಡಿ ಇದೆಯೇ ಎಂಬುದನ್ನು ಟೋಕನ್ (ಮನೆ ಹಿಡಿದಿಡಲು ಕೊಡುವ ಮುಂಗಡ) ಕೊಡುವ ಮೊದಲೇ ಸೆಕ್ರೆಟರಿಯವರನ್ನು ಕೇಳಿ.